ಫೋಟೊದಲ್ಲಿತ್ತು, ಯಾರೂ ನೋಡಲಿಲ್ಲ

1944ರ ಏಪ್ರಿಲ್ 4ರಂದು ಇಟಲಿಯ ಫೋಜಾ ಸಮೀಪದಿಂದ ಮಸ್ಕೀಟೊ ವಿಮಾನವೊಂದು ಪೋಲೆಂಡ್ ಕಡೆಗೆ ಹಾರಿತು. ಅದು ದಕ್ಷಿಣ ಆಫ್ರಿಕಾ ವಾಯುಪಡೆಯ 60ನೇ ಸ್ಕ್ವಾಡ್ರನ್‌ಗೆ ಸೇರಿದ್ದು. ಅದರಲ್ಲಿ ಬಾಂಬ್ ಇರಲಿಲ್ಲ, ಗನ್ ಕೂಡ ಇರಲಿಲ್ಲ. ಇದ್ದದ್ದು ಇಬ್ಬರು ಮನುಷ್ಯರು ಮತ್ತು ಕ್ಯಾಮೆರಾ. ಶತ್ರುವಿನ ನೆಲದ ಫೋಟೊ ತೆಗೆದು ಜೀವಂತ ವಾಪಸ್ ಬರುವುದೇ ಈ ಸ್ಕ್ವಾಡ್ರನ್‌ನ ಕೆಲಸ.

ಆ ದಿನದ ಗುರಿ, ಆಶ್ವಿಟ್ಜ್ ಪಕ್ಕದ ಮೊನೊವಿಟ್ಜ್‌ನಲ್ಲಿ ಐ.ಜಿ. ಫಾರ್ಬೆನ್ ಕಂಪನಿಯ ಕೃತಕ ರಬ್ಬರ್ ಮತ್ತು ಇಂಧನ ಕಾರ್ಖಾನೆ. ಗುರಿ ತಪ್ಪದಿರಲೆಂದು ಕ್ಯಾಮೆರಾವನ್ನು ಸ್ವಲ್ಪ ಮೊದಲೇ ಚಾಲೂ ಮಾಡಿ, ಸ್ವಲ್ಪ ತಡವಾಗಿ ನಿಲ್ಲಿಸುವುದು ರೂಢಿ. ಹಾಗಾಗಿ ಕೆಲವೇ ಕಿಲೋಮೀಟರ್ ದೂರದ ಆಶ್ವಿಟ್ಜ್ ಶಿಬಿರವೂ ಅದೇ ರೀಲಿಗೆ ಬಂತು. ಫೋಟೊಗಳು ಇಂಗ್ಲೆಂಡಿನ ಮೆಡ್ಮನಮ್‌ನಲ್ಲಿದ್ದ ವಿಶ್ಲೇಷಣಾ ಕೇಂದ್ರಕ್ಕೆ ಹೋದವು. ಅಲ್ಲಿನವರು ವಿದ್ಯುತ್ ಘಟಕ, ರಬ್ಬರ್ ಘಟಕ ಎಲ್ಲವನ್ನೂ ಗುರುತಿಸಿದರು. ಶಿಬಿರದ ಬಗ್ಗೆ ಏನೂ ಬರೆಯಲಿಲ್ಲ.

ಅವರು ದಡ್ಡರಾಗಿದ್ದರು ಅಂದುಕೊಳ್ಳಬೇಡಿ. ಒಂದರ ಮೇಲೊಂದು ಶೇ 60ರಷ್ಟು ಹೊಂದುವ ಫೋಟೊಗಳನ್ನು ಸ್ಟೀರಿಯೊಸ್ಕೋಪ್ ಕೆಳಗಿಟ್ಟು, ಚಪ್ಪಟೆ ಚಿತ್ರದಿಂದ ಎತ್ತರ ತಗ್ಗು ಓದುತ್ತಿದ್ದರು. ನೆರಳಿನ ಉದ್ದದಿಂದ ಕಟ್ಟಡದ ಎತ್ತರ ಲೆಕ್ಕ ಹಾಕುತ್ತಿದ್ದರು. ನಾವು ಪಿಯುಸಿಯಲ್ಲಿ ಬೈದುಕೊಂಡು ಕಲಿತ ತ್ರಿಕೋನಮಿತಿಯೇ ಅದು! ಇದೇ ಕೇಂದ್ರದ ಕಾನ್‌ಸ್ಟನ್ಸ್ ಬಾಬಿಂಗ್ಟನ್ ಸ್ಮಿತ್, ಜರ್ಮನಿಯ ಪೀನೆಮ್ಯುಂಡೆಯ ಫೋಟೊದಲ್ಲಿ ಇಳಿಜಾರು ಹಳಿಯ ಮೇಲಿದ್ದ ಪುಟ್ಟ ಶಿಲುಬೆಯಂಥ ಆಕಾರವನ್ನು 1943ರ ಡಿಸೆಂಬರ್‌ನಲ್ಲಿ ಪತ್ತೆ ಮಾಡಿದರು. ಅದು ವಿ-1 ಹಾರುಬಾಂಬ್. ಅಷ್ಟು ಚಿಕ್ಕದು ಕಂಡದ್ದು ಹೇಗೆ? ತೀರಾ ಸಣ್ಣ ವಿಮಾನ ಇದೆಯೇ ನೋಡಿ ಎಂದು ಆಕೆಗೆ ಮೊದಲೇ ಹೇಳಲಾಗಿತ್ತು. ಶಿಬಿರವನ್ನು ನೋಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಆ ಹಾರಾಟ ನಡೆದ ಮೂರೇ ದಿನಕ್ಕೆ ರುಡಾಲ್ಫ್ ವ್ರ್ಬಾ, ಆಲ್ಫ್ರೆಡ್ ವೆಟ್ಸ್ಲರ್ ಎಂಬ ಇಬ್ಬರು ಕೈದಿಗಳು ಅಲ್ಲಿಂದ ತಪ್ಪಿಸಿಕೊಳ್ಳಲು ಹೊರಟು, ಕೊನೆಗೆ ಸ್ಲೊವಾಕಿಯಾ ಸೇರಿ, ಒಳಗೆ ನಡೆಯುತ್ತಿದ್ದುದನ್ನು ನಕ್ಷೆ ಸಮೇತ ವಿವರಿಸಿದರು. ಜೂನ್ ಹೊತ್ತಿಗೆ ಅದರ ಸಾರಾಂಶ ಲಂಡನ್, ವಾಷಿಂಗ್ಟನ್ ತಲುಪಿತ್ತು. ವರದಿ ಒಂದು ಕಚೇರಿಯಲ್ಲಿ, ಫೋಟೊ ಇನ್ನೊಂದು ಕಚೇರಿಯಲ್ಲಿ. ಅದೇ ಮೇ 15ರಿಂದ ಎಂಟು ವಾರಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಹಂಗೇರಿ ಯಹೂದಿಗಳನ್ನು ರೈಲಿನಲ್ಲಿ ತುಂಬಿ ಆಶ್ವಿಟ್ಜ್‌ಗೆ ಸಾಗಿಸಲಾಯಿತು. ಆಗಸ್ಟ್ 20ರಂದು ಅಮೆರಿಕದ ವಿಮಾನಗಳು ಕಾರ್ಖಾನೆಯ ಮೇಲೆ ಬಾಂಬ್ ಹಾಕಿದವು. ಆಗಸ್ಟ್ 25ರ ಫೋಟೊದಲ್ಲಂತೂ ಬಿರ್ಕೆನೌ ಶಿಬಿರದಲ್ಲಿ ಜನ ಸಾಲಾಗಿ ನಡೆಯುವುದೂ ಬಿದ್ದಿದೆ.

ಇದೆಲ್ಲ ಗೊತ್ತಾದದ್ದು 1979ರಲ್ಲಿ. ಹಿಂದಿನ ವರ್ಷ ಅಮೆರಿಕದ ಟಿ.ವಿ.ಯಲ್ಲಿ ‘ಹೋಲೋಕಾಸ್ಟ್’ ಧಾರಾವಾಹಿ ಬಂದಿತ್ತು. ಅದರಿಂದ ಪ್ರೇರಿತರಾಗಿ ಸಿಐಎಯ ಡಿನೊ ಬ್ರುಜಿಯೋನಿ ಮತ್ತು ರಾಬರ್ಟ್ ಪೊಯರಿಯರ್ ಹಳೆಯ ರೀಲುಗಳನ್ನು ಹುಡುಕಿ ತೆಗೆದರು. ಒಂದು ಧಾರಾವಾಹಿ ಬರಬೇಕಾಯಿತು! ಆಗಲೇ ಕಂಡಿದ್ದರೆ ಶಿಬಿರವನ್ನು ನಿಲ್ಲಿಸಬಹುದಿತ್ತೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಆ ಪಂಚಾಯಿತಿ ನನ್ನದಲ್ಲ.

ನನ್ನ ತಕರಾರು ನಮ್ಮ ಕ್ಲಾಸಿನಲ್ಲಿ ದಿನವೂ ಕೇಳುವ ಮಾತಿನ ಬಗ್ಗೆ: ‘ಡೇಟಾ ಸಾಕಷ್ಟು ಹಾಕಿ, ಮಾಡೆಲ್ ತಾನೇ ಕಲಿಯುತ್ತದೆ’. ಏನನ್ನು ಕಲಿಯುತ್ತದೆ? ನಾವು ಹೆಸರು ಕೊಟ್ಟದ್ದನ್ನು. ಉಪಗ್ರಹ ಚಿತ್ರ ಗುರುತಿಸುವ ಪ್ರಾಜೆಕ್ಟುಗಳಲ್ಲಿ ಕಟ್ಟಡ, ರಸ್ತೆ, ಮರ, ನೀರು ಎಂದು ಪಟ್ಟಿ ಇರುತ್ತದೆ. ನೀಲಿ ಟಾರ್ಪಾಲಿನ್ ಹೊದಿಸಿದ ಕಾರ್ಮಿಕರ ಶೆಡ್ ಎಲ್ಲಿಗೆ ಹೋಗಬೇಕು? ‘ಇತರೆ’. ನಿಖರತೆ ಶೇ 95 ಬಂದರೆ ಎಕ್ಸ್‌ಟರ್ನಲ್‌ಗೂ ಖುಷಿ, ನಮಗೂ ಖುಷಿ. ಪಟ್ಟಿ ಮಾಡಿದವರು ಯಾರು, ಯಾವುದನ್ನು ಬಿಟ್ಟರು ಎಂದು ವೈವಾದಲ್ಲಿ ಕೇಳಿದ್ದನ್ನು ನಾನು ಕಂಡಿಲ್ಲ. ಅದು ಸಮಾಜಶಾಸ್ತ್ರದವರ ಪ್ರಶ್ನೆ ಎಂದು ಕೆಲವು ಗೆಳೆಯರ ವಾದ. ಪಟ್ಟಿ ಬರೆಯುವವರು ಎಂಜಿನಿಯರುಗಳಾದ ಮೇಲೆ ಪ್ರಶ್ನೆಯೂ ಅವರದೇ ಅಲ್ಲವೇ?

ಆಗಸ್ಟ್ 25ರ ಆ ಫೋಟೊ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಇಮೇಜ್ ಪ್ರೊಸೆಸಿಂಗ್ ಲ್ಯಾಬಿನ ಮೊದಲ ದಿನ ಅದನ್ನು ಪರದೆಗೆ ಹಾಕಲಿ. ಯಾವ ಊರು, ಯಾವ ವರ್ಷ, ಏನು ಹುಡುಕಬೇಕು, ಒಂದನ್ನೂ ಹೇಳದೆ, ಅರ್ಧ ಗಂಟೆ ಕೊಟ್ಟು, ಕಂಡದ್ದನ್ನೆಲ್ಲ ಬರೆಯಿರಿ ಎನ್ನಲಿ.