ಕಾವಲಿಲ್ಲದ ಕಾಲಾಳು

ಕಳೆದ ಭಾನುವಾರ ಮಗಳೂ ನಾನೂ ರಟ್ಟಿನ ಮೇಲೆ 80 ಮನೆಗಳ ಚದುರಂಗ ಗೀಚಿದೆವು. ಹತ್ತು ಅಡ್ಡ, ಎಂಟು ಉದ್ದ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯಾಪಾಬ್ಲಾಂಕಾ ಸೂಚಿಸಿದ ಆಟ. ಚದುರಂಗ ಬರೀ ಡ್ರಾಗಳಲ್ಲಿ ಸತ್ತುಹೋದೀತೆಂಬ ಭಯ ಅವರಿಗೆ. ಹೊಸ ಕಾಯಿ ಎರಡು: ಆನೆ, ಕುದುರೆ ಕೂಡಿದ ಚಾನ್ಸೆಲರ್, ಒಂಟೆ, ಕುದುರೆ ಕೂಡಿದ ಆರ್ಚ್‌ಬಿಷಪ್.

ಈ ಎರಡನೆಯದರ ಬಗ್ಗೆ ಹುಷಾರು. ಒಂಟೆಗೆ ಮೂರು, ಕುದುರೆಗೆ ಮೂರು ಎಂದು ಕೂಡಿದರೆ ಲೆಕ್ಕ ತಪ್ಪುತ್ತದೆ. ಒಂಟೆ ಒಂದೇ ಬಣ್ಣದ ಮನೆಗಳಿಗೆ ಕಟ್ಟುಬಿದ್ದದ್ದು, ಕುದುರೆ ಆ ಕಟ್ಟು ಬಿಚ್ಚುತ್ತದೆ. ಮೂಲೆಗೆ ಸಿಕ್ಕ ಒಂಟಿ ರಾಜನಿಗೆ ಇದೊಂದೇ ಕಾಯಿ ಚೆಕ್‌ಮೇಟ್ ಕೊಡಬಲ್ಲದು. ಮಂತ್ರಿಗೂ ಆಗದ ಕೆಲಸ!

ನನಗೆ ಬಿಳಿ. ಮಂತ್ರಿ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ನಡೆಸಿದೆ, ಅಷ್ಟೇ. ಆ ಒಂಟೆಯ ಆಚೆಗೆ ಕೂತಿದ್ದ ಆರ್ಚ್‌ಬಿಷಪ್‌ಗೆ ಓರೆ ದಾರಿ ತೆರೆದು, ಮಗಳ ರಾಜನ ಬದಿಯ ಕುದುರೆಯ ಮುಂದಿನ ಕಾಲಾಳು ಗುರಿಗೆ ಬಂತು. ಅದನ್ನು ಕಾಯುವವರೇ ಇಲ್ಲ. "ಇದು ಮೋಸ" ಎಂದು ಎದ್ದುಬಿಟ್ಟಳು. ಆಫೀಸಿನಲ್ಲಾದರೆ ಬಳಕೆದಾರರ ತಪ್ಪು ಎಂದು ಟಿಕೆಟ್ ಮುಚ್ಚಿರುತ್ತಿದ್ದೆ. ಆದರೆ ಅವಳು ಹೇಳಿದ್ದೇ ಸರಿ: ದೋಷ ಜೋಡಣೆಯದು.

ಒಂಟೆಗಳನ್ನು ಮಾಮೂಲಿ ಚದುರಂಗದಂತೆ ಕುದುರೆಗಳ ಪಕ್ಕಕ್ಕೆ ತಂದೆವು. ನಡುವೆ ಎಡದಿಂದ ಮಂತ್ರಿ, ಚಾನ್ಸೆಲರ್, ರಾಜ, ಆರ್ಚ್‌ಬಿಷಪ್. ಹತ್ತೂ ಕಾಲಾಳುಗಳಿಗೆ ಕಾವಲು ಸಿಕ್ಕಿತು. ನಮ್ಮ ಶೋಧವೇನಲ್ಲ, ಇದಕ್ಕೆ ಗಾಥಿಕ್ ಚೆಸ್ ಎಂಬ ಹೆಸರು ಆಗಲೇ ಇದೆ.

ಆದರೂ ಎರಡನೇ ಆಟಕ್ಕೆ ಬಿಳಿ ತನಗೇ ಬೇಕೆಂದಳು.