ಅಡವಿಟ್ಟ ಕಾಫಿ ಲಾರಿ ಹತ್ತಿದರೆ ಜೈಲೇ?

ವನಗೂರು ಸೀಮೆಯ ತೋಟಗಳಲ್ಲಿ ಕೊಯ್ಲು ಮುಗಿದು ಕಣದಲ್ಲಿ ಚೆರ್ರಿ ಒಣಗುವ ಹೊತ್ತಿಗೆ ವ್ಯಾಪಾರಿಗಳು ಮೂಟೆಗೆ ರೇಟು ಕೂಗುತ್ತಾ ಬರುತ್ತಾರೆ. ಬರಬೇಕಾದ ಇನ್ನೊಬ್ಬರು ಬ್ಯಾಂಕಿನವರು. ಬೆಳೆಸಾಲ ಕೊಟ್ಟ ದಿನ ಬರುವ ಫಸಲೆಲ್ಲ ತಮಗೇ ಅಡವು ಎಂದು ಹತ್ತಾರು ಕಡೆ ರುಜು ಹಾಕಿಸಿಕೊಂಡ ಮಹಾಶಯರು ಮೂಟೆ ಲಾರಿ ಹತ್ತುವಾಗ ಎಲ್ಲಿರುತ್ತಾರೋ!

ಹಿಂದೆ ಈ ರಗಳೆ ಇರಲಿಲ್ಲ. 1942ರ ಕಾಫಿ ಕಾಯ್ದೆಯಂತೆ ಬೆಳೆದದ್ದು ಕಾಫಿ ಮಂಡಳಿಯ ಪೂಲಿಗೆ ಹೋಗಬೇಕಿತ್ತು. ದುಡ್ಡು ಕಂತುಕಂತಾಗಿ ಆಮೆ ನಡಿಗೆಯಲ್ಲಿ ಬರುತ್ತಿತ್ತು, ನಿಜ. ಆದರೆ ಮಾಲು ಎಲ್ಲಿಗೆ ಹೋಯಿತೆಂದು ಸಾಲ ಕೊಟ್ಟವರಿಗೆ ಗೊತ್ತಿರುತ್ತಿತ್ತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಸಿಕ್ಕಿತು. ಒಳ್ಳೆಯದೇ ಆಯಿತು. ಅಡವಿನ ಕಾಗದ ಮಾತ್ರ ಬ್ಯಾಂಕಿನ ಬೀರುವಿನಲ್ಲಿ ಉಳಿಯಿತು, ಕಾಫಿ ರಸ್ತೆಗೆ ಬಿತ್ತು.

ಬ್ಯಾಂಕಿಗೆ ಹೇಳದೆ ಮಾರಿದವನ ಮೇಲೆ 'ನಂಬಿಕೆ ದ್ರೋಹ'ದ ಕೇಸು ಜಡಿಯಬಹುದೇ? ಅಷ್ಟು ಸಲೀಸಲ್ಲ. ಅದೇ 1996ರಲ್ಲಿ ಡಂಕನ್ಸ್ ಆಗ್ರೋ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಹೈಪಾಥಿಕೇಶನ್ ಆದ ಮಾಲು ಸಾಲ ಪಡೆದವನದೇ, ಬ್ಯಾಂಕು ಅದನ್ನು ಅವನ ಕೈಗೆ ಒಪ್ಪಿಸಿದ್ದಲ್ಲ, ಹಾಗಾಗಿ ಮಾರಿದ ಮಾತ್ರಕ್ಕೆ ಅದು ನಂಬಿಕೆ ದ್ರೋಹವಾಗದು.

ಹಾಗೆಂದು ಟೋಪಿ ಹಾಕುವವರು ಬೀಗಬೇಕಾಗಿಲ್ಲ. ಸುಳ್ಳು ಪಹಣಿ ಹಿಡಿದು ಒಂದೇ ತೋಟವನ್ನು ಎರಡು ಕಡೆ ಅಡಮಾನ ಇಟ್ಟವನು, ಇಲ್ಲದ ಮೂಟೆಯ ಲೆಕ್ಕ ತೋರಿಸಿ ಸಾಲ ಎತ್ತಿದವನು ಭಾರತೀಯ ನ್ಯಾಯ ಸಂಹಿತೆಯ 318(4)ಕ್ಕೆ ಸಿಗುತ್ತಾನೆ. 2024ರ ಜುಲೈ 1ರವರೆಗೆ ಇದೇ ನಮ್ಮ 'ಫೋರ್ ಟ್ವೆಂಟಿ'. ಸಜೆ 7 ವರ್ಷದವರೆಗೆ. ಆದರೆ ಸಾಲ ಎತ್ತುವಾಗಲೇ ಮನಸ್ಸಿನಲ್ಲಿ ಮೋಸವಿತ್ತೆಂದು ತೋರಿಸಬೇಕು. ಸಾಲ ಕೊಟ್ಟವರಿಗೆ ದಕ್ಕಬಾರದೆಂದು ಮೋಸದಿಂದ ಆಸ್ತಿ ಬಚ್ಚಿಡುವುದು, ಸಾಗಿಸುವುದಕ್ಕೂ ಬೇರೆ ಕಲಮುಗಳಿವೆ.

ಮಳೆ ಹೆಚ್ಚಾಗಿ ಕಾಯಿ ಉದುರಿ ಕಂತು ಕಟ್ಟಲಾಗದ ಮೂರೆಕರೆಯ ಬೆಳೆಗಾರ ಇದ್ಯಾವುದಕ್ಕೂ ಬರುವುದಿಲ್ಲ. ಬಾಕಿ ಉಳಿಸಿಕೊಂಡವನೆಲ್ಲ ಕಳ್ಳನಲ್ಲ. ಅಂಥವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸುವುದು ಸಾಲ ವಸೂಲಿಯಲ್ಲ, ದಬ್ಬಾಳಿಕೆ. ಸಿವಿಲ್ ಬಾಕಿ ಎಳೆದು ತರುವುದು ಪೊಲೀಸರ ಕೆಲಸವೂ ಅಲ್ಲ. ಇತ್ತ ಯಾರೋ ಒಬ್ಬ ಚಾಲಾಕಿ ಅಡವಿನ ಮಾಲು ಗುಳುಂ ಮಾಡಿದರೆ, ಮುಂದಿನ ವರ್ಷ ಗೊಬ್ಬರಕ್ಕೆ ಸಾಲ ಕೇಳಲು ಹೋದಾಗ ಹತ್ತು ಪ್ರಶ್ನೆ ಎದುರಿಸಬೇಕಾದವನು ಇದೇ ಮೂರೆಕರೆಯವನು. ಬ್ಯಾಂಕಿನವರ ಸಿಟ್ಟು ಅವನ ಮೇಲೆ ತೀರುವುದು ಯಾವ ನ್ಯಾಯ?

ಪಹಣಿಯ 11ನೇ ಕಾಲಂನಲ್ಲಿ ಸಾಲದ ಋಣ ನಮೂದಾಗುತ್ತದೆ. ಅದನ್ನು ನೋಡದೆ ಮೂಟೆ ಎತ್ತುವ ವ್ಯಾಪಾರಿಯನ್ನು ಕೇಳುವವರು ಯಾರು? ಈ ಸಲದ ಕೊಯ್ಲಿಗಾದರೂ ಬ್ಯಾಂಕಿನವರು ಜೀಪು ಮಾಡಿಕೊಂಡು ವನಗೂರಿನ ಗುಡ್ಡ ಹತ್ತಲಿ. ಕಣದಲ್ಲೇ ಮೂಟೆ ಎಣಿಸಲಿ. ಮಾರಿದ ಹಣದಲ್ಲಿ ಸಾಲಕ್ಕೆಷ್ಟು, ಮನೆಗೆಷ್ಟು ಎಂದು ವ್ಯಾಪಾರಿಯ ಎದುರೇ ಬರೆಸಿಕೊಂಡು ಚೀಟಿಯ ಒಂದು ಪ್ರತಿ ಬೆಳೆಗಾರನ ಕೈಗೂ ಕೊಡಲಿ.