ಬಂಡೆಯ ಋಣ

ಗಣಿ ಎಂದೊಡನೆ ನಮಗೆ ನೆನಪಾಗುವುದು ಕೋಲಾರದ ಚಿನ್ನ. 2001ರಲ್ಲಿ ಮುಚ್ಚಿದ ಆ ಗಣಿಗಳ ಬಗ್ಗೆ ಪುಸ್ತಕಗಳಿವೆ, ಸಿನಿಮಾಗಳಿವೆ. ಆದರೆ ಬೆಂಗಳೂರಿನ ಯಲಹಂಕದಾಚೆ ಬೆಟ್ಟಹಲಸೂರು, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಸುತ್ತ ಬಾಯ್ದೆರೆದು ಬಿದ್ದಿರುವ ಕಲ್ಲು ಕ್ವಾರಿಗಳ ಚರಿತ್ರೆಯನ್ನು ಕೇಳುವವರು ಕಡಿಮೆ. ನಮ್ಮ ಮನೆಗಳ ತಳಪಾಯ, ಚಪ್ಪಡಿ, ಬೇಲಿಯ ಕಲ್ಲುಕಂಬ ಎಲ್ಲವೂ ಇಂಥ ಹಳ್ಳಗಳಿಂದಲೇ ಮೇಲೆ ಬಂದವು.

ಇಲ್ಲಿನ ನೆಲದಡಿ ಇರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಅದನ್ನು ‘ಪೆನಿನ್ಸುಲರ್ ನೈಸ್’ ಎಂದು ಕರೆದರು. ನೆಲಕ್ಕೆ ಸಮಾನಾಂತರವಾಗಿ ಪದರ ಪದರವಾಗಿ ಬಿಡಿಸಿಕೊಳ್ಳುವುದು ಈ ಬಂಡೆಯ ಗುಣ. ಶಾಸ್ತ್ರ ಅದಕ್ಕೆ ಹೆಸರಿಡುವ ಮೊದಲೇ ಕಲ್ಲು ಒಡೆಯುವವರು ಆ ಗುಣವನ್ನು ಚೆನ್ನಾಗಿ ಬಲ್ಲವರಾಗಿದ್ದರು.

1895ರಲ್ಲಿ ಎಚ್. ವಾರ್ತ್ ಎಂಬಾತ ‘ನೇಚರ್’ ಪತ್ರಿಕೆಯಲ್ಲಿ ಬೆಂಗಳೂರಿನ ಕ್ವಾರಿ ಕೆಲಸವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಹಾಸುಬಂಡೆಯ ಮೇಲೆ ಸಾಲಾಗಿ ಸೌದೆ ಉರಿಸುತ್ತಾರೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಕೆಳಗೆ ಬಂಡೆ ಬಿಟ್ಟುಕೊಂಡಿದೆ ಎಂದು ಸದ್ದು ಹೇಳಿದ ಮೇಲೆಯೇ ಬೆಂಕಿಯನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುತ್ತಾರೆ. ಹೀಗೆ ಒಮ್ಮೆ ಸುಮಾರು 760 ಕಿಲೋ ಸೌದೆಯಲ್ಲಿ, ಸರಾಸರಿ ಐದು ಅಂಗುಲ ದಪ್ಪದ 740 ಚದರಡಿಯ ಹಾಳೆಯೊಂದು ಎದ್ದುಬಂತು. ಒಂದು ತೂಕ ಸೌದೆಗೆ ಮೂವತ್ತು ತೂಕ ಕಲ್ಲು! ಸಿಡಿಮದ್ದಿನ ಮಾತೇ ಇಲ್ಲ. ಕಿವಿಯನ್ನೇ ಉಪಕರಣ ಮಾಡಿಕೊಂಡ ಈ ಕೆಲಸಗಾರರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

1951ರಲ್ಲಿ ಅಡಿಗಲ್ಲು ಹಾಕಿ 1956ರಲ್ಲಿ ಮುಗಿಸಿದ ವಿಧಾನಸೌಧಕ್ಕೂ ಮಲ್ಲಸಂದ್ರ, ಹೆಸರಘಟ್ಟದ ಕಡೆಯ ಕಲ್ಲು ಬಂತು. ಅದನ್ನು ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರನ್ನು ನೆನೆಯುವ ನಾವು, ಭೋವಿ ಸಮುದಾಯದ ಕಲ್ಲು ಕೆಲಸದವರನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು. ಕ್ರಮೇಣ ಸಿಡಿಮದ್ದು ಬಂತು, ಜಲ್ಲಿ ಕ್ರಷರ್ ಬಂತು. ಸದ್ದು ಕೇಳಿ ಬಂಡೆ ಬಿಡಿಸುವ ವಿದ್ಯೆಗೆ ಬೆಲೆ ಹೋಯಿತು.

ಕಲ್ಲು ಮುಗಿದ ಹಳ್ಳಗಳಿಗೆ ನಗರ ಕಂಡುಕೊಂಡ ಉಪಯೋಗ ಕಸ ಸುರಿಯುವುದು. ಬೆಳ್ಳಹಳ್ಳಿಯ ಕ್ವಾರಿ ತುಂಬಿದ ಮೇಲೆ 2020ರ ಹೊತ್ತಿಗೆ ಲಾರಿಗಳು ಮಿಟ್ಟಗಾನಹಳ್ಳಿಯತ್ತ ತಿರುಗಿದವು. ಸುತ್ತಲಿನ ಊರುಗಳ ಜನ ನಾತ, ನೊಣ, ಕೆಟ್ಟ ನೀರಿನ ದೂರು ಹೇಳುತ್ತಲೇ ಬಂದಿದ್ದಾರೆ. ಬಂಡೆಯೊಳಗಿನ ಬಿರುಕುಗಳೇ ಈ ಸೀಮೆಯ ಕೊಳವೆಬಾವಿಗಳಿಗೆ ನೀರು ಹರಿಸುವ ದಾರಿಗಳು. ಕಸದ ರಸ ಒಮ್ಮೆ ಇಳಿಯಿತೆಂದರೆ ಹಿಡಿಯುವ ದಾರಿಯೂ ಅದೇ. ರಸ ಸೋರದಂತೆ ಹಳ್ಳದ ತಳಕ್ಕೆ ಹಾಸಿದ ಹೊದಿಕೆ ಒಂದು ಕಡೆ ಹರಿದರೂ ಸಾಕು, ಸುತ್ತಲಿನ ಬಾವಿಗಳು ಕೆಡಬಹುದು.

ಉಳಿದಿರುವ ಕ್ವಾರಿಗಳಲ್ಲಿ ಮಳೆನೀರು ನಿಲ್ಲಲಿ. ಒಂದನ್ನಾದರೂ ಬೇಲಿ ಕಟ್ಟಿ, ಉಳಿ, ಚಮ್ಮಟಿಗೆಗಳ ಸಮೇತ ಮಕ್ಕಳಿಗೆ ತೋರಿಸುವಂತೆ ಕಾಪಾಡೋಣ. ಕಲ್ಲು ಕೆಲಸ ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರ ಮಾತನ್ನು, ಅವರ ಹೆಸರಿನ ಸಮೇತ, ಬರೆದಿಟ್ಟುಕೊಳ್ಳೋಣ. ಈ ಸೀಮೆಯ ಕಲ್ಲಿನಿಂದ ಮನೆ ಕಟ್ಟಿಕೊಂಡ ನಗರ ಅದಕ್ಕೆ ಕಸವನ್ನು ಹಿಂತಿರುಗಿಸುವುದು ಅನ್ಯಾಯ.